ಕರುಳಬಳ್ಳಿಗೆ ಹಾಕಬಾರದ ಕವಡೆ

ಹೋರಿಯ ಕೊರಳಿಗೆ ಕಟ್ಟುವುದೂ ಕವಡೆ, ಮಕ್ಕಳು ಚೌಕಾಬಾರ ಆಡುವುದೂ ಕವಡೆ. ಆದರೆ ಸಾಲಗಾಮೆಯ ನೀಲಗಂಗಮ್ಮನ ಕಂಬಳಿಯ ಮೇಲೆ ಬಿದ್ದರೆ ಅವಕ್ಕೆ ಮಾತು ಬರುತ್ತದೆಂದು ಸುತ್ತಿನ ಜನ ನಂಬಿದ್ದರು. ನಂಬಿಸಿದವಳೂ ಅವಳೇ ಅನ್ನಿ. ಕಟ್ಟುಪಾಡು ಒಂದೇ: ತನ್ನ ಕರುಳಬಳ್ಳಿಗೆ ಮಾತ್ರ ಅವಳು ಕವಡೆ ಹಾಕುವಂತಿರಲಿಲ್ಲ. ಹಾಕಿದರೆ ಬಳ್ಳಿಯೇ ಬಾಡುತ್ತದೆಂದು ಅತ್ತೆ ಹೇಳಿಕೊಟ್ಟಿದ್ದಳು. ಮಲ್ಲಿಪಟ್ಟಣಕ್ಕೆ ಕೊಟ್ಟಿದ್ದ ಮಗಳು ನೀಲಾಂಬಿಕೆಗೂ ಅದು ಗೊತ್ತಿತ್ತು.

ಸೀಮೆಎಣ್ಣೆಗೂ ಸಾಲು ನಿಲ್ಲಬೇಕಾಗಿದ್ದ ಯುದ್ಧದ ವರ್ಷ. ಮಲ್ಲಿಗಮ್ಮ ಎಂಬ ಗುರುತಿಲ್ಲದ ಹೆಂಗಸು ಬಂದು ಕೂತಳು. ಹೊಳೆನರಸೀಪುರದ ಕಡೆಯವಳು ಎಂದಳು.

"ಮೊಮ್ಮಗೀಗೆ ಜ್ವರ ಬಿಡ್ತಾ ಇಲ್ಲ ಕಣವ್ವ. ಆಸನದ ಪ್ಯಾಟೆ ಆಸ್ಪತ್ರೆಗೆ ಕರ್ಕೊಂಡೋಗೋದಾ, ಬ್ಯಾಡ್ವಾ?"

ಕವಡೆ ಬಾಯಿ ಮೇಲಾಗಿ ಬಿದ್ದರೆ ಹೋಗು, ಕೆಳಗಾಗಿ ಬಿದ್ದರೆ ಬೇಡ. ಬಿದ್ದದ್ದು ಅರ್ಧ ಹಾಗೆ, ಅರ್ಧ ಹೀಗೆ. ಒಲೆಯ ಮೇಲೆ ಹುರುಳಿ ಸೀಯುತ್ತಿತ್ತು. ಆಸ್ಪತ್ರೆ ಎಂದರೆ ನೀಲಗಂಗಮ್ಮನಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ.

"ಅಮಾಸೆ ಕಳೀಲಿ. ಅಲ್ಲೀಗಂಟ ಮಗೀನ ಒಸಲು ದಾಟಿಸ್ಬ್ಯಾಡ" ಎಂದು ಎದ್ದುಬಿಟ್ಟಳು.

ಅಮಾವಾಸ್ಯೆಗೆ ಮೊದಲೇ ಮಲ್ಲಿಪಟ್ಟಣದಿಂದ ಆಳು ಬಂದ. ಅವಳು ಮಗಳ ಮನೆ ಮುಟ್ಟುವಷ್ಟರಲ್ಲಿ ಮೊಮ್ಮಗನನ್ನು ಮಣ್ಣು ಮಾಡಿ ಬಂದಿದ್ದರು. ಅಳಿಯ ಚಂದ್ರಯ್ಯ ಗೋಡೆಗೆ ಮುಖ ಮಾಡಿ ಕೂತಿದ್ದ. ನೀಲಾಂಬಿಕೆಯ ತಲೆಗೆ ತಣ್ಣೀರು ತಟ್ಟುತ್ತಿದ್ದವಳು ಪಕ್ಕದ ಮನೆಯ ಹೆಂಗಸು, ಅದೇ ಮಲ್ಲಿಗಮ್ಮ. ನೀಲಗಂಗಮ್ಮ ಅವಳ ಮುಖ ನೋಡಿ ಮಗಳ ಕಡೆ ತಿರುಗಿದಳು.

"ನಾನೇ ಕಳ್ಸಿದ್ದು ಕಣವ್ವ" ಎಂದಳು ನೀಲಾಂಬಿಕೆ. "ಇವ್ರು ಗಾಡಿ ಕಟ್ತೀನಿ ಅಂದ್ರೂ ಬಿಡ್ಲಿಲ್ಲ, ನಿನ್ನ ಮಾತು ಮೀರಬಾರ್ದು ಅಂತ. ದಿಟ ಯೋಳು, ಕವಡೆ ಅಂಗೇ ಬಿದ್ದಿತ್ತಾ?"

ಬಾಯಿಗೆ ಬಂದದ್ದು ಹೇಳಿದೆನೆಂದು ಹೇಗೆ ಹೇಳುವುದು? ಹಣೆಬರಹ ಎಂದುಕೊಂಡಾದರೂ ಮಗಳು ಬದುಕಲಿ.

"ಎಲ್ಲಾ ಬಾಯಿ ಕೆಳಗಾಗೇ ಬಿದ್ದಿದ್ವು ಕಣವ್ವ. ನಿನ್ನ ತಪ್ಪಿಲ್ಲ."

ನೀಲಾಂಬಿಕೆ ಮಲ್ಲಿಗಮ್ಮನ ಕೈ ಸರಿಸಿ ಎದ್ದು ಕೂತಳು.

"ಅಂಗಾದ್ರೆ ನಾನೇ ಕೊಂದೆ. ಕರುಳಬಳ್ಳಿಗೆ ಆಕಬಾರ್ದು ಅಂತ ಗೊತ್ತಿದ್ದೂ ಮೋಸದಲ್ಲಿ ಆಕಿಸ್ದೆ. ಅದ್ಕೇ ಅವು ಬಾಯಿ ಮುಚ್ಕೊಂಡು ಬಿದ್ವು."

"ಇಲ್ಲ ಕಣವ್ವ, ಕವಡೆ ಏನೂ ಯೋಳ್ಲಿಲ್ಲ. ನಾನೇ ಸುಮ್ನೆ ಅಂದ್ಬುಟ್ಟೆ" ಎಂದು ನೀಲಗಂಗಮ್ಮ ಮಗಳ ಕಾಲು ಹಿಡಿದುಕೊಂಡಳು.

ತಾಯಿ ಹೇಳಿದ್ದನ್ನೆಲ್ಲ ನಂಬಿಕೊಂಡೇ ಬೆಳೆದವಳು ಇದೊಂದನ್ನು ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಸುಳ್ಳು ಯೋಳ್ಬ್ಯಾಡ ಬಿಡವ್ವ" ಎಂದು ಮೆಲ್ಲಗೆ ಕಾಲು ಬಿಡಿಸಿಕೊಂಡಳು.