ನಡೆಮಡಿ

“ಏಯ್ ಭಾಗ್ಯಾ! ಆರ್ಸೆ ಅದನ್ನ! ಗಂಡನ ಸೌದೆ ಇಲ್ಲೇ ಹಚ್ಚಿದ್ದೀಯೇನೇ ಮುಂಡೆ, ಈ ಪಾಟಿ ಹೊಗೆ!”

ವೃಷಭೇಂದ್ರಪ್ಪನವರು ಬಂಗಲೆಯ ಗೇಟಿನೊಳಗೆ ನಿಂತೇ ಕೂಗಿದರು. ಯಾದವಗಿರಿಯ ಆ ಬೀದಿಯಲ್ಲಿ ಅವರು ಯಾರನ್ನೂ ಗೇಟು ದಾಟಿ ಬಂದು ಬೈದವರಲ್ಲ. ಬೈಗುಳ ಮಾತ್ರ ಹೊರಗೆ ಬರುತ್ತಿತ್ತು. ಭಾಗ್ಯಮ್ಮ ಇಸ್ತ್ರಿ ಪೆಟ್ಟಿಗೆಯ ಬಾಯಿ ತೆರೆದು, ಇದ್ದಿಲಿಗೆ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಕೆಂಡ ಆಗ್ಬುಟ್ರೆ ಹೊಗೆ ನಿಂತೋಯ್ತದೆ ಯಜಮಾನ್ರೇ. ನಿಮ್ದೇ ಪಂಚೆ. ಗೆರೆ ಕೂರ್ಬೇಕಲ್ಲ?”

“ಎದುರಾಡ್ಬೇಡ. ನಾಳಿದ್ದು ಭಾನುವಾರ ‘ಹೊಗೆಮುಕ್ತ ಬೀದಿ’ ಅಂತ ಬೋರ್ಡು ಹಾಕ್ತಿದ್ದೀವಿ. ಸ್ವಾಮಿಗಳೇ ಬಂದು ಪರದೆ ಸರಿಸ್ತಾರೆ. ಅವತ್ತಿಂದ ಈ ಬೀದೀಲಿ ನಿನ್ ಗಾಡಿ ಕಾಣ್ಬಾರ್ದು. ಎದುರಿಗೆ ನಿನ್ ವಾರಗಿತ್ತಿ ಮಂಜುಶ್ರೀ ನಿಂತಿದ್ದಾಳಲ್ಲ, ನೋಡಿ ಕಲಿ. ಒಂದೆಳೆ ಹೊಗೆ ಬರುತ್ತಾ ಅವಳ ಪೆಟ್ಟಿಗೇಲಿ?”

ಮುಂಡೆ ಅಂದದ್ದು ಭಾಗ್ಯಮ್ಮನಿಗೆ ಅಷ್ಟಾಗಿ ತಾಕಲಿಲ್ಲ. ಗಂಡ ಬೆಟ್ಟಯ್ಯ ಸತ್ತ ಮೇಲೆ ಅದು ಹೆಸರಿನಷ್ಟೇ ಬಳಕೆಯಾಗಿಹೋಗಿತ್ತು. ಮಂಜುಶ್ರೀಯನ್ನು ನೋಡಿ ಕಲಿ ಅಂದದ್ದು ಮಾತ್ರ ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಬೇರೆಯವರ ಮನೆಗಳಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೆ, ಅಗಸರ ಮನೆಯಲ್ಲಿ ಹಂಚಿಕೊಳ್ಳಲು ಇದ್ದದ್ದು ಊರವರ ಕೊಳೆ ಬಟ್ಟೆ. ಮಾವ ಸಣ್ಣಮಾದಯ್ಯ ಸಾಯುವ ಮುಂಚೆ ಈ ಬೀದಿಯ ನಡುವೆ ನಿಂತು, ಕೈಯನ್ನು ಕತ್ತಿಯ ಹಾಗೆ ಅಡ್ಡ ಹಿಡಿದು ಪಾಲು ಮಾಡಿದ್ದ. ಬಂಗಲೆಗಳ ಸಾಲು ದೊಡ್ಡ ಮಗ ಬೆಟ್ಟಯ್ಯನಿಗೆ, ಎದುರು ಸಾಲು ಚಿಕ್ಕವನು ರೇವಣಸಿದ್ದನಿಗೆ. ಆ ಪಾಲಿನಂತೆ ಭಾಗ್ಯಮ್ಮನ ಗಾಡಿ ಈ ಕಡೆ, ರೇವಣಸಿದ್ದನ ಹೆಂಡತಿ ಮಂಜುಶ್ರೀಯ ಗಾಡಿ ಆ ಕಡೆ. ದಿನವಿಡೀ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುವ ಹಣೆಬರಹ.

ಭಾಗ್ಯಮ್ಮನ ಕಡೆಗೆ ಹೊಂಗೆ ಮರವಿತ್ತು. ಅದರ ನೆರಳು ಕಂಡು ಮಂಜುಶ್ರೀ ಕರುಬಿದ ಕಾಲವೂ ಇತ್ತು. ವೃಷಭೇಂದ್ರಪ್ಪನವರು ಕರೆಂಟು ಕಾರು ತಂದರು, ಕಾರಿಗೆ ಚಾರ್ಜಿಂಗ್ ಕಂಬ ನೆಡಲು ಆ ಮರ ಕಡಿಸಿದರು. ಬದಲಿಗೆ ಒಂದು ಸಸಿ ನೆಟ್ಟು, ಅದಕ್ಕೆ ಬಿಸಿಲು ತಾಕದಂತೆ ಹಸಿರು ಬಲೆ ಕಟ್ಟಿಸಿದರು. ಅದೇ ಬೇಸಿಗೆಯಲ್ಲಿ, ಹಳಬರೂ ಕಂಡಿಲ್ಲವೆಂದ ಬಿಸಿಲಲ್ಲಿ, ಬಟ್ಟೆಗಂಟು ಹೊತ್ತು ಬಂದ ಬೆಟ್ಟಯ್ಯ ಆ ಕಂಬದ ಬುಡದಲ್ಲಿ ಕುಕ್ಕರಿಸಿದವನು ಮತ್ತೆ ಏಳಲಿಲ್ಲ. ಈಗ ಬಂಗಲೆಯ ಏಸಿಗಳು ಉಗುಳುವ ಬಿಸಿಗಾಳಿ ಭಾಗ್ಯಮ್ಮನ ಬೆನ್ನಿಗೆ, ಪೆಟ್ಟಿಗೆಯ ಕಾವು ಎದೆಗೆ. ಸಸಿಗೆ ದಿನಾ ಪೈಪು ಹಿಡಿದು ನೀರು ಬಿಡುವುದನ್ನು ನೋಡುವಾಗ ಅವಳಿಗೆ ಅದರ ಮೇಲೂ ಹೊಟ್ಟೆ ಉರಿಯುತ್ತಿತ್ತು. ಹುಟ್ಟಿದರೆ ಇವರ ಮನೆ ಮುಂದಿನ ಗಿಡವಾಗಿ ಹುಟ್ಟಬೇಕು ಅನ್ನಿಸುತ್ತಿತ್ತು.

ಆದರೆ ಸಸಿಯನ್ನು ಬೈದು ಏನು ಬಂತು? ಬೈಯಲು ಮಂಜುಶ್ರೀ ಇದ್ದಳು.

ಮಂಜುಶ್ರೀಗೆ ಗ್ಯಾಸ್ ಇಸ್ತ್ರಿ ಪೆಟ್ಟಿಗೆ ಸಿಕ್ಕಿದ್ದು ಯುಗಾದಿ ಕಳೆದ ಮೇಲೆ. ಬೀದಿಯ ಸಂಘಕ್ಕೆ ವೃಷಭೇಂದ್ರಪ್ಪನವರೇ ಅಧ್ಯಕ್ಷರು. ಬೆಂಗಳೂರಿಂದ ಮಾಲವಿಕಾ ಅನ್ನುವ ಹುಡುಗಿಯನ್ನು ಕರೆಸಿ, ಬಂಗಲೆಯ ಹುಲ್ಲುಹಾಸಿನ ಮೇಲೆ ಭಾಷಣ ಮಾಡಿಸಿದರು. ಭೂಮಿ ಕಾಯುತ್ತಿದೆ, ಹೊಗೆಯೇ ಕಾರಣ, ಎರಡು ಸಾವಿರದ ಎಪ್ಪತ್ತನೇ ಇಸವಿಯ ಹೊತ್ತಿಗೆ ನಮ್ಮ ದೇಶ ತನ್ನ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುತ್ತದೆ ಎಂದಳು ಅವಳು. ವೃಷಭೇಂದ್ರಪ್ಪನವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಂಜನಗೂಡು ರಸ್ತೆಯಲ್ಲಿ ಅವರ ಇಟ್ಟಿಗೆ ಗೂಡುಗಳು ಹಗಲಿರುಳು ಕಲ್ಲಿದ್ದಲು ತಿನ್ನುವುದು ಆ ಹುಡುಗಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಅವರು ಕೊಟ್ಟ ಮಜ್ಜಿಗೆ ಕುಡಿದಳೋ.

ಗೇಟಿನಾಚೆ ನಿಂತು ಕೇಳುತ್ತಿದ್ದ ಭಾಗ್ಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಂದಳು: “ದೇಸಕ್ಕೆ ಎಪ್ಪತ್ತನೇ ಇಸ್ವಿಗಂಟ ವಾಯಿದೆ ಅಂತೆ ಕಣೇ ಮಂಜಿ. ನಂಗೆ ಮಾತ್ರ ಈಗ್ಲೇ ಆರ್ಸು ಅಂತರೆ.”

ಪಕ್ಕದಲ್ಲಿದ್ದ ಮಂಜುಶ್ರೀ ಕಿಸಕ್ಕನೆ ನಕ್ಕಳು. ಅವರಿಬ್ಬರೂ ಕೂಡಿ ನಕ್ಕದ್ದು ಅದೇ ಕೊನೆ.

ಆಮೇಲೆ ಒಳಕ್ಕೆ ಕರೆದರು. ಪೆಟ್ಟಿಗೆ ಇದ್ದದ್ದು ಒಂದೇ. ವೃಷಭೇಂದ್ರಪ್ಪನವರ ಹೆಂಡತಿ ಗಿರಿಜಾಂಬಾ ಇಬ್ಬರನ್ನೂ ಸೀರೆ ಆರಿಸುವವರ ಹಾಗೆ ಮೇಲೆ ಕೆಳಗೆ ನೋಡಿ, “ಈ ಹುಡುಗಿ ಲಕ್ಷಣವಾಗಿದ್ದಾಳೆ, ಫೋಟೋಗೆ ಚೆನ್ನಾಗಿರುತ್ತೆ,” ಎಂದು ಮಂಜುಶ್ರೀಯ ಕಡೆ ಕೈ ತೋರಿದರು. “ಅವಳು ಬೇಡ. ಗಂಡ ಸತ್ತೋಳು. ಶುಭಕಾರ್ಯ ಅಲ್ವಾ ಇದು?”

ಮಂಜುಶ್ರೀ ಸಿಲಿಂಡರಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು. ಫೋಟೋ ತೆಗೆದರು. ಭಾಗ್ಯಮ್ಮ ಗೇಟಿನಾಚೆಯೇ ಉಳಿದಳು.

ಅವತ್ತಿಂದ ಅವಳಿಗೆ ಊಟ ಸೇರದು. ಇಸ್ತ್ರಿ ತೇಯುವಾಗ ಕಣ್ಣು ಎದುರು ಗಾಡಿಯ ಮೇಲೆ. ಮಂಜಿಯ ಸೀರೆಗೆ ಕಿಡಿ ಹಾರಿದ ತೂತಿಲ್ಲ, ಕೂದಲಲ್ಲಿ ಬೂದಿಯಿಲ್ಲ. ಪೆಟ್ಟಿಗೆಯ ರಟ್ಟಿನ ಡಬ್ಬವನ್ನು, ಮೇಲೆ ಹಸಿರು ಎಲೆ ಅಚ್ಚಾಗಿದ್ದದ್ದನ್ನು, ಗಾಡಿಯ ಮುಂದೆ ದೇವರ ಪಟದಂತೆ ಒರಗಿಸಿದ್ದಾಳೆ. ಹಗಲೆಲ್ಲ ಗಂಟು ಬಿಚ್ಚುವುದು, ಮಡಿಚಿಡುವುದು, ಸಂಜೆ ಮನೆಗೆ ಹೊರುವುದು. ಪೆಟ್ಟಿಗೆ ಹಿಡಿದದ್ದೇ ಕಾಣದು. ಗ್ಯಾಸಾದರೆ ಕೆಲಸ ಅಷ್ಟು ಸಲೀಸೇನೋ ಅಂದುಕೊಂಡಳು ಭಾಗ್ಯಮ್ಮ. ಮೊದಮೊದಲು ಪಕ್ಕದ ಬಂಗಲೆಯವರು, ಆಮೇಲೆ ಮೂಲೆಮನೆಯವರು ಮಾವ ಹಾಕಿದ ಗೆರೆ ದಾಟಿ ಬಟ್ಟೆಯನ್ನು ಆ ಕಡೆಗೆ ಕಳಿಸತೊಡಗಿದರು. ಮಂಜಿಯ ಕಣ್ಣು ಬೆಳಿಗ್ಗೆ ಕೆಂಪಗಿದ್ದರೆ, ‘ಮಲಗಿ ಮಲಗಿ ಊದ್ಕಂಡವೆ ಬಡ್ಡೇತದ್ದಕ್ಕೆ’ ಎಂದು ಒಳಗೇ ಶಪಿಸುತ್ತಿದ್ದಳು.

ಶನಿವಾರ ವೃಷಭೇಂದ್ರಪ್ಪನವರು ಬಿಳಿ ಬಟ್ಟೆಯ ಒಂದು ಸುರುಳಿಯನ್ನು ಗೇಟಿನ ಸಂದಿಯಿಂದ ಎಸೆದರು. “ನಡೆಮಡಿ. ಒಗೆದು ಇಸ್ತ್ರಿ ಮಾಡಿಡು. ನಾಳೆ ಮಂಜುಶ್ರೀ ಹಾಸ್ತಾಳೆ.”

ದೊಡ್ಡವರು ಕಾಲಿಟ್ಟು ಬರುವ ದಾರಿಗೆ ಮಡಿ ಬಟ್ಟೆ ಹಾಸುವುದು ಅಗಸರ ಹಕ್ಕು, ಅದರಲ್ಲೂ ದೊಡ್ಡ ಮಗನ ಮನೆಯದು. ಆ ಮನೆತನಕ್ಕೆ ಇದ್ದ ಮಾನವೆಲ್ಲ ಆ ಒಂದು ತುಂಡು ಬಟ್ಟೆಯಲ್ಲೇ ಇತ್ತು. ಭಾಗ್ಯಮ್ಮ ಸುರುಳಿಯನ್ನು ಎದೆಗವಚಿಕೊಂಡಳು.

“ದೊಡ್ಮನೆ ಹಕ್ಕು ಯಜಮಾನ್ರೇ ಅದು. ನಮ್ಮೆಜಮಾನ್ರು ಹಾಸ್ತಿದ್ರು. ನಾನ್ ಹಾಸ್ತೀನಿ. ಜಾಗ ಬುಡು ಅಂತೀರ, ಇದ್ನೂ ಬುಡು ಅಂದ್ರೆ ಎಂಗೆ?”

“ಮುಂಡೆ ಕೈಲಿ ಹಾಸಿಸಿ ಸ್ವಾಮಿಗಳನ್ನ ನಡೆಸ್ಲಾ?”

“ಒಗೆಯಕ್ಕೆ ಆಯ್ತದೆ, ಹಾಸಕ್ಕೆ ಆಗಕಿಲ್ವಾ?”

ಅವರಿಗೆ ನಗು ಬಂತು. “ಒಗೆದ್ಮೇಲೆ ಮಡಿ ಕಣೇ. ಆಮೇಲೆ ನೀನ್ಯಾಕೆ ಮುಟ್ತೀಯ?”

ಭಾನುವಾರ ಬೆಳಿಗ್ಗೆ ಕರೆಂಟು ಹೋಯಿತು. ಸೆಕೆ ಹೆಚ್ಚಾದಷ್ಟೂ ಏಸಿ ಹೆಚ್ಚು, ಏಸಿ ಹೆಚ್ಚಾದಷ್ಟೂ ಕರೆಂಟಿಲ್ಲ. ಬಂಗಲೆಯ ಹಿಂದೆ ಜನರೇಟರು ಗುಡುಗಲು ಶುರುಮಾಡಿತು. ಶಾಮಿಯಾನ ಎದ್ದಿತ್ತು, ಬೋರ್ಡಿನ ಮೇಲೆ ರೇಷ್ಮೆ ಪರದೆ. ಭಾಗ್ಯಮ್ಮ ತಂದ ನಡೆಮಡಿಯನ್ನು ಬಿಡಿಸಿ ನೋಡಿ ಗಿರಿಜಾಂಬಾ ಮುಖ ಕಿವುಚಿದರು.

“ಇದೇನೇ ಇಷ್ಟು ಸುಕ್ಕು? ಬೇಗ ಹೋಗಿ ಇನ್ನೊಂದ್ಸಲ ತೇಯ್ಕೊಂಡು ಬಾ. ಹೊಗೆ ಮಾತ್ರ ಏಳ್ಬಾರ್ದು.”

ಗ್ಯಾಸ್ ಪೆಟ್ಟಿಗೆ ಕೊಡು ಎಂದು ಮಂಜಿಯ ಮುಂದೆ ಕೈಯೊಡ್ಡುವುದಕ್ಕಿಂತ ಸಾಯುವುದು ವಾಸಿ ಅನ್ನಿಸಿತು. ಆದರೂ ಬೀದಿ ದಾಟಿದಳು.

“ಗ್ಯಾಸಿಲ್ಲ ಅಕ್ಕ,” ಅಂದಳು ಮಂಜುಶ್ರೀ, ತಲೆ ಎತ್ತದೆ.

“ಇಲ್ವಾ, ಕೊಡಕ್ಕೆ ಮನ್ಸಿಲ್ವಾ? ನನ್ ಮನೆಗೋಳ ಬಟ್ಟೆ ಕಿತ್ಕಂಡೆ. ನಡೆಮಡಿ ಕಿತ್ಕಂಡೆ. ಇನ್ನೇನ್ ಬೇಕೇ ನಿಂಗೆ, ಬೇವಾರ್ಸಿ? ನಾನ್ ಮಣ್ಣಾಗದ್ ನೋಡ್ಬೇಕಾ?”

“ಬಯ್ಯಿ. ನೀನು ನಿನ್ ಕೆಂಡ ಮುಂದಿಕ್ಕಂಡು ನಿಂತಿರದ ಕಂಡ್ರೆ ನಂಗೇ ಉರೀತದೆ ಕಣಕ್ಕ.”

ಅಣಕಿಸುತ್ತಿದ್ದಾಳೆ ಅಂದುಕೊಂಡು ಭಾಗ್ಯಮ್ಮ ಅವಳ ಕಾಲ ಹತ್ತಿರ ಉಗಿದಳು. ತಿರುಗಿ ಬಂದು, ಗೋಣಿಯಲ್ಲಿ ಸುತ್ತಿಟ್ಟಿದ್ದ ತನ್ನ ಪೆಟ್ಟಿಗೆ ತೆಗೆದು ಇದ್ದಿಲು ತುಂಬಿದಳು. ಹೊಗೆ ಏಳುತ್ತಲೇ ವೃಷಭೇಂದ್ರಪ್ಪನವರ ದನಿ ಎದ್ದಿತು.

“ಥೂ ನಿನ್ನ! ಸ್ವಾಮಿಗಳು ಬರೋ ಹೊತ್ತಲ್ಲೇ? ಹಿಂದಕ್ಕೆ ಹೋಗಿ ಜನರೇಟರ್ ಪಕ್ಕ ಮಾಡ್ಕೊಂಡು ಸಾಯಿ. ಅಲ್ಲಾದ್ರೆ ನಿನ್ ಹೊಗೆ ಯಾರಿಗೂ ಗೊತ್ತಾಗಲ್ಲ.”

ಹಿತ್ತಲಲ್ಲಿ ಜನರೇಟರು ಕರ‍್ರನೆಯ ಹೊಗೆ ಕಾರುತ್ತಿತ್ತು. ಅದಕ್ಕೊಂದು ತಗಡಿನ ಮಾಡು ಬೇರೆ. ಭಾಗ್ಯಮ್ಮ ಕೆಮ್ಮುತ್ತ ಕಲ್ಲುಚಪ್ಪಡಿಯ ಮೇಲೆ ನಡೆಮಡಿ ಹರವಿ ತೇಯ್ದಳು. ಮುಗಿಸಿ ಸೊಂಟ ನೆಟ್ಟಗೆ ಮಾಡುವಾಗ ಅಡುಗೆಯವನ ಒಲೆ ಕಣ್ಣಿಗೆ ಬಿತ್ತು. ಪಾಯಸದ ಕೊಪ್ಪರಿಗೆಯ ಕೆಳಗೆ ಉರಿಯುತ್ತಿದ್ದ ಒಲೆಗೆ ಹಾಕಿದ್ದ ಸಿಲಿಂಡರು. ಅದರ ಹೊಟ್ಟೆಯ ಮೇಲೆ ಮಾಸಿದ ಅರಿಶಿನ, ಮಂಜಿಯ ಬೆರಳಿನ ಕುಂಕುಮ.

“ಇದು ಇಲ್ಲಿಗೆಂಗ್ ಬಂತಣ್ಣ?”

“ಆ ಇಸ್ತ್ರಿ ಹುಡುಗೀದಾ? ಫೋಟೋ ತೆಗೆದ ಮಾರನೇ ದಿನವೇ ಹೊತ್ಕೊಂಡ್ಬಂದ್ವಲ್ಲ,” ಎಂದ ಅಡುಗೆಯವನು, ಸೌಟು ಆಡಿಸುತ್ತ. “ಬಾಯ್ಬಿಟ್ರೆ ಜಾಗ ಹೋಗುತ್ತೆ ಅಂತ ಅಮ್ಮಾವ್ರು ಅವಳಿಗೆ ಹೇಳಿದ್ದಾರೆ. ನೀನು ನನ್ನ ಹೆಸರು ಹೇಳ್ಬೇಡ ಕಣಮ್ಮ.”

ಭಾಗ್ಯಮ್ಮ ಪೆಟ್ಟಿಗೆಯ ಹಿಡಿ ಹಿಡಿದೇ ನಿಂತಳು. ಮಂಜಿ ಸಂಜೆ ಮನೆಗೆ ಹೊರುತ್ತಿದ್ದ ಗಂಟು, ಬೆಳಿಗ್ಗೆಯ ಕೆಂಪು ಕಣ್ಣು ಈಗ ಅರ್ಥವಾಯಿತು. ಹೊಟ್ಟೆಕಿಚ್ಚು ಆರಲಿಲ್ಲ, ಇನ್ನೂ ಉರಿಯಿತು. ಇಷ್ಟು ದಿನ, ಇಷ್ಟು ಒಳ್ಳೆಯ ಕಿಚ್ಚನ್ನು, ಖಾಲಿ ಪೆಟ್ಟಿಗೆ ಹಿಡಿದು ನಿಂತವಳ ಮೇಲೆ ಹಾಳು ಮಾಡಿದೆನಲ್ಲ ಎಂದು ಮೈಯೆಲ್ಲ ಉರಿಯಿತು. ಮಾಡಿನ ನೆರಳಲ್ಲಿ ನಿಂತ ಜನರೇಟರನ್ನು ನೋಡಿದಳು. ಗೋಡೆಯ ಮೇಲಿನ ಏಸಿಗಳನ್ನು ನೋಡಿದಳು. ಪಾಯಸ ಕುದಿಯುತ್ತಿತ್ತು.

ಒಳಗಿನ ಆಳೊಬ್ಬ ಬಂದು ನಡೆಮಡಿಯನ್ನು ಕಿತ್ತುಕೊಂಡು ಹೋದ. ಮುಂದೆ ಜಾಗಟೆ ಕೇಳಿಸಿತು.

ಕಾರಿನ ಬಾಗಿಲಿಂದ ಗೇಟಿನವರೆಗೆ ಮಂಜುಶ್ರೀ ಬೆನ್ನು ಬಾಗಿಸಿ ನಡೆಮಡಿ ಹಾಸಿದಳು. ಬೀದಿ ಬೀದಿಯೇ ಕೈಮುಗಿದು ನಿಂತಿತ್ತು. ಸ್ವಾಮಿಗಳು ಕಾರಿನಿಂದ ಇಳಿದು ಪಾದ ಎತ್ತಿದರು. ಅಷ್ಟರಲ್ಲಿ ಭಾಗ್ಯಮ್ಮ ಬಂಗಲೆಯ ಪಕ್ಕದ ಓಣಿಯಿಂದ ಪೆಟ್ಟಿಗೆ ಹಿಡಿದು ಬಂದಳು. ಗಾಡಿ ಎತ್ತಲು ಬಂದಳೆಂದು ಜನ ದಾರಿ ಬಿಟ್ಟರು. ಅವಳು ನಡೆಮಡಿಯ ನಡುಮಧ್ಯಕ್ಕೆ ಬಂದು, ಪೆಟ್ಟಿಗೆಯ ಕೊಂಡಿ ತೆಗೆದು, ಬೋರಲು ಹಾಕಿದಳು.

ಬಿಳಿ ಬಟ್ಟೆಯ ಮೇಲೆ ಕೆಂಡ ಹರಡಿಕೊಂಡಿತು. ಎತ್ತಿದ ಪಾದ ಹಾಗೇ ನಿಂತಿತು.

“ನಡೀರಿ ಬುದ್ದಿ,” ಅಂದಳು ಭಾಗ್ಯಮ್ಮ. “ಹಾಸದು ದೊಡ್ಮನೇರ ಹಕ್ಕು. ನಂದೂ ಹಾಸಾಯ್ತು.”

ವೃಷಭೇಂದ್ರಪ್ಪನವರು ಗೇಟು ದಾಟಿ ಓಡಿ ಬಂದರು. “ಲೌಡಿ ಮುಂಡೆ! ನೀರು ತಗೊಂಬನ್ರೋ! ಏಯ್ ಮಂಜುಶ್ರೀ, ಮರ ನಿಂತಂಗೆ ನಿಂತಿದ್ದೀಯಲ್ಲೇ! ನಿಂಗೇ ಈ ಬೀದಿ ಪೂರ್ತಿ ಕೊಡ್ತೀನಿ, ಮೊದ್ಲು ಆರ್ಸೆ ಅದನ್ನ!”

ಮಂಜುಶ್ರೀ ತನ್ನ ಗಾಡಿಯ ಹತ್ತಿರ ಹೋದಳು. ಒರಗಿಸಿದ್ದ ರಟ್ಟಿನ ಡಬ್ಬದಿಂದ ಎಲೆಯ ಚಿತ್ರವಿದ್ದ ಮಗ್ಗುಲನ್ನು ಪರ‍್ರನೆ ಹರಿದುಕೊಂಡು ಬಂದಳು. ಕೆಂಡ ಗುಡಿಸಿ ತಳ್ಳುತ್ತಾಳೆ ಅಂದುಕೊಂಡು ಭಾಗ್ಯಮ್ಮ ಅವಳ ರಟ್ಟೆ ಹಿಡಿಯಲು ಬಾಗಿದಳು. ಮಂಜುಶ್ರೀ ಕೆಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ರಟ್ಟಿನಿಂದ ಗಾಳಿ ಹಾಕತೊಡಗಿದಳು.

“ರಾತ್ರೆಲ್ಲ ಮನೇಲಿ ಬಾಗ್ಲಾಕ್ಕಂಡು ಇದ್ಲು ಹೊಗೆ ಕುಡ್ದಿದ್ದು ಸಾಕು ಕಣಕ್ಕ,” ಅಂದಳು. “ಪಕ್ಕುಕ್ಕೆ ಸರಿ, ಗಾಳಿ ಆಡ್ಲಿ.”

ನಡೆಮಡಿ ಎರಡೂ ಕಡೆಗೆ ಹತ್ತಿಕೊಂಡಿತು.