ಇನ್ನೊಂದು ಚಾವಿ

"ಇನ್ನೊಂದ ಚಾವಿ ಎಲ್ಲೈತ್ರಿ?" ಮೆಕ್ಯಾನಿಕ್ ರಮಜಾನ್ ಕಾರಿನ ಸ್ಟೇರಿಂಗ್ ಕೆಳಗಿನಿಂದಲೇ ಕೇಳಿದ. ಹೊರಗೆ ಕಾಣುತ್ತಿದ್ದದ್ದು ಅವನ ಕಾಲುಗಳು ಮಾತ್ರ.

"ಒಂದರಾಗ ಆಗಂಗಿಲ್ಲೇನು?" ಅಂದ ಫಕೀರೇಶ.

"ಆಗಂಗಿಲ್ರಿ ಡಾಕ್ಟ್ರ. ಚಾವಿಯೊಳಗ ಚಿಪ್ ಇರ್ತೈತಿ. ಅದು ಕಾಣಲಿಲ್ಲಂದ್ರ ಗಾಡಿ ಚಾಲೂ ಆಗಂಗಿಲ್ಲ. ಒಂದ ಚಾವಿ ಈ ಡಬ್ಬ್ಯಾಗ ಹಾಕಿ ಒಳಗ ಕಟ್ಟಿಬಿಡೂದು. ನೀವು ದೂರ ನಿಂತು ರಿಮೋಟ್ ಒತ್ತಿದ್ರ, ಮಾಲಕ ಬಂದು ಕುಂತಾನಂತ ಗಾಡಿ ನಂಬತೈತಿ, ತಾನ ಚಾಲೂ ಆಗ್ತೈತಿ."

ಫಕೀರೇಶ ಕುಂದಗೋಳದಲ್ಲಿ ದನದ ಡಾಕ್ಟರು. ರೋಗಿಗಳು ಬಾಯಿಬಿಟ್ಟು ದೂರುವುದಿಲ್ಲ ಎಂಬುದು ಆ ವೃತ್ತಿಯ ದೊಡ್ಡ ಸುಖ. ಅದೇ ಸುಖವನ್ನು ಮನೆಯಲ್ಲೂ ಬಯಸಿದ್ದ. ಹೆಂಡತಿ ಭಾಗ್ಯಾ ತವರಿಗೆ, ಕುಬಿಹಾಳಕ್ಕೆ, ಹೋಗಿ ಎರಡು ತಿಂಗಳಾಗಿತ್ತು.

ಹೋಗುವಾಗ ಚಾವಿಗೊಂಚಲು ಒಯ್ದಿದ್ದಳು. ಚಾವಿ ಒಯ್ದವರು ತಿರುಗಿ ಬರುವವರೇ ಎಂದು ಅವನು ತೀರ್ಮಾನಿಸಿಕೊಂಡಿದ್ದ. ಓದಿದವನಿಗೆ ಏನಾದರೊಂದು ಆಧಾರ ಬೇಕಲ್ಲ.

ಬಿಸಿಲಿಗೆ ಕಾದ ಸೀಟು ಸುಡುತ್ತದೆಂದು ಅವಳು ಹೇಳಿ ಹೇಳಿ ಸಾಕಾಗಿದ್ದಳು; ಇವನು ಒಂದು ಟವೆಲ್ ಹಾಸಿ ಕೊಟ್ಟಿದ್ದ. ಭಾನುವಾರ ಅವಳನ್ನು ಕರೆಯಲು ಹೋಗಬೇಕು. ದೂರದಿಂದಲೇ ರಿಮೋಟ್ ಒತ್ತಿ ಎಸಿ ಹಚ್ಚಿ, ಅವಳು ಬಾಗಿಲು ತೆರೆಯುವ ಮೊದಲೇ ಒಳಗೆ ತಂಪಾಗಿರಬೇಕು. ತಪ್ಪಾಯಿತೆನ್ನುವ ಕೆಲಸವನ್ನು ಅವನು ಎಸಿಗೆ ವಹಿಸಿದ್ದ.

ಫೋನು ಮಾಡಿದ.

"ಗಾಡಿ ಚಾವಿ ನಿನ್ನ ಹಂತೇಕ ಐತೇನು?"

"ಐತ್ರಿ."

"ಬೇಕಾಗಿತ್ತು. ನಾನ ಬರ್ಲೇನು?"

"ಎದಕ್ಕ? ಈಗಿನ ಬಸ್ಸಿಗೆ ಕಂಡಕ್ಟರ್ ಕೈಯಾಗ ಕೊಡ್ತೀನಿ."

"ಯಾಕ ಬೇಕಂತ ಕೇಳಂಗಿಲ್ಲ?"

"ನಿಮ್ಮ ಗಾಡಿ. ನಿಮ್ಮ ಚಾವಿ."

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕಿಟಕಿಯಿಂದಲೇ ಕರ್ಚೀಫಿನ ಗಂಟು ಚಾಚಿದ. "ಅಕ್ಕಾರು ಜ್ವಾಕೀಲೆ ಮುಟ್ಟಸಂದಾರ್ರಿ."

"ಮತ್ತೇನರೆ ಅಂದ್ಲೇನು?"

"ಇಲ್ರಿ. ಬಸ್ ಹೊಂಟಿತ್ತು."

ಗಂಟು ಬಿಚ್ಚಿದ. ಗಾಡಿಯ ಚಾವಿ. ಅದೇ ರಿಂಗಿನಲ್ಲಿ ಮನೆಯ ಬಾಗಿಲ ಚಾವಿ. ಅದನ್ನು ಅವನು ಕೇಳಿರಲಿಲ್ಲ.

"ಇದು ಯಾತರದ್ರಿ?" ರಮಜಾನ್ ರಿಂಗು ತಿರುಗಿಸಿ ನೋಡಿದ. "ಡಿಕ್ಕೀದೇನು?"

"ಬ್ಯಾರೆ. ತಗದ ಇತ್ತ ಕೊಡು."

ರಮಜಾನ್ ಮೊಬೈಲಿನಲ್ಲಿ ಹಿಂದಿ ವಿಡಿಯೊ ಹಚ್ಚಿಟ್ಟುಕೊಂಡ. ಒಂದು ಚಾವಿ ತಿರುಗಿಸಿ ತೆಗೆದು, ಕೂಡಲೇ ಇನ್ನೊಂದನ್ನು ತಿರುಗಿಸಬೇಕು. ಡಬ್ಬಿಯ ದೀಪ ಮಿಣುಕುವುದನ್ನು ಬಿಟ್ಟು ಸ್ಥಿರವಾಗಿ ಉರಿದರೆ ಪಾಠ ಕಲಿತಂತೆ. ಮೊದಲ ಸಲ ಒಂದೇ ಚಾವಿಯನ್ನು ಎರಡು ಬಾರಿ ಹಾಕಿ, ವಿಡಿಯೊದವನನ್ನು ಬೈದ. ಮರುಸಲ ದೀಪ ಉರಿಯಿತು.

"ಕಟ್ಟಿಬಿಡ್ಲೇನ್ರಿ? ಮತ್ತ ಬೇಕಂದ್ರ ಎಲ್ಲಾ ಬಿಚ್ಚಬೇಕಾಗ್ತೈತಿ. ಮನ್ಯಾಗ ಯಾರರೆ ಗಾಡಿ ಹೊಡ್ಯಾಕ ಈ ಚಾವಿ ವಾಪರಸ್ತಾರೇನು?"

ಫಕೀರೇಶ ರಸ್ತೆ ನೋಡಿದ. ಕುಬಿಹಾಳದ ಬಸ್ಸು ತಿರುಗಿ ಹೊರಟಿತ್ತು.

"ಕಟ್ಟು."

ರಮಜಾನ್ ಕರಿ ಟೇಪು ಸುತ್ತತೊಡಗಿದ. ಹೋದ ವಾರ ಲಕ್ಷ್ಮವ್ವನ ಆಕಳ ಕರು ಸತ್ತಾಗ, ಅದರ ತೊಗಲಿನೊಳಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸಲು ಫಕೀರೇಶನೇ ಹೇಳಿದ್ದ. ಆಕಳು ಹುಲ್ಲಿನ ಕರುವನ್ನು ನೆಕ್ಕುತ್ತ ಹಾಲು ಇಳಿಸಿತ್ತು. ಲಕ್ಷ್ಮವ್ವ ಕೈಮುಗಿದಿದ್ದಳು.

"ಯಾವಾಗ್ಲೂ ನ್ಯೂಟ್ರಲ್‌ದಾಗ ಇರಬೇಕ್ರಿ ಮತ್ತ."

"ಇರ್ತೇನಿ."

"ನಾ ಗಾಡಿ ಅಂದ್ನಿರಿ."

ಫಕೀರೇಶ ರಸ್ತೆ ದಾಟಿ ನಿಂತು ರಿಮೋಟ್ ಒತ್ತಿದ. ಗಾಡಿ ನಂಬಿತು.

"ಬರ್ರಿ, ಒಳಗ ಕುಂಡರ್ರಿ," ಸ್ವಲ್ಪ ಹೊತ್ತಿಗೆ ರಮಜಾನ್ ಕೂಗಿದ. "ಅಗದಿ ತಂಪ ಆಗೇತಿ."

"ಇರಲಿ."

ಬಿಸಿಲಲ್ಲೇ ನಿಂತಿದ್ದ. ಮುಷ್ಟಿಯಲ್ಲಿ ಮನೆಯ ಚಾವಿ ಕಾದಿತ್ತು. ಮುಚ್ಚಿದ ಗಾಜಿನೊಳಗೆ, ಎಡಗಡೆಯ ಸೀಟಿನ ಮೇಲೆ, ಟವೆಲ್ಲಿನ ಅಂಚು ಗಾಳಿಗೆ ಏಳುತ್ತ ಬೀಳುತ್ತ ಇತ್ತು. ಹೊತ್ತು ಮೀರಿದರೂ ಯಾರೂ ಒಳಗೆ ಬಾರದ್ದಕ್ಕೆ ಇಂಜಿನ್ ತಾನಾಗಿಯೇ ಬಂದ್ ಆಯಿತು. ಅವನು ಮತ್ತೆ ಒತ್ತಿದ.

ಮತ್ತೆ ನಂಬಿತು. ಗಾಡಿಯ ಹೊಟ್ಟೆಯಡಿಯಿಂದ ಎಸಿಯ ನೀರು ಎರಿಮಣ್ಣಿಗೆ ಹನಿಹನಿಯಾಗಿ ಇಳಿಯತೊಡಗಿತು. ಬೀದಿನಾಯಿಯೊಂದು ಬಂದು ಅದಕ್ಕೆ ಬಾಯೊಡ್ಡಿ ನಿಂತಿತು.