ಪರೀಕ್ಷೆ ಅವಳದು, ಕೈ ನನ್ನದು

ಅರವತ್ತು ದಾಟಿದ ಮೇಲೆ ನನಗೊಂದು ಹೊಸ ಕೆಲಸ ಸಿಕ್ಕಿತು. ಸಂಬಳವಿಲ್ಲ. ಬೇಕಾದ ಅರ್ಹತೆ ಒಂದೇ, ವಿಷಯ ಗೊತ್ತಿರಬಾರದು.

ನಾನು ಸೋಮಯ್ಯ. ಭಟ್ಕಳ, ಹೊನ್ನಾವರ, ಕುಮಟಾ ಅಂತ ಕೂಗುತ್ತ ಬಸ್ಸಿನಲ್ಲೇ ಪ್ರಾಯ ಕಳೆದ ಕಂಡಕ್ಟರ್. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಹೆಂಡತಿ ತಿಮ್ಮಿಯ ತಲೆ ತಿನ್ನುತ್ತಿದ್ದೆ. ವಿಶ್ವವಿದ್ಯಾಲಯದವರು ಕುಮಟೆಯ ಒಂದು ಕಾಲೇಜಿನಲ್ಲಿ ಹಿರಿಯರ ಸೇವಾ ಬಳಗ ಶುರು ಮಾಡಿದ್ದಾರೆ ಅಂತ ಪೇಪರಿನಲ್ಲಿ ಬಂದದ್ದೇ ತಡ, ಅವಳೇ ಅಂಗಿಗೆ ಇಸ್ತ್ರಿ ಹಾಕಿ ನನ್ನನ್ನು ಹೊರಗೆ ಅಟ್ಟಿದಳು.

ಬಳಗ ನೋಡಿಕೊಳ್ಳುವ ಕಲ್ಪನಾ ಮೇಡಂ ಕೇಳಿದರು: "ಕಣ್ಣು ಕಾಣದ ಮಕ್ಕಳು ಪರೀಕ್ಷೆಯಲ್ಲಿ ಉತ್ತರ ಹೇಳ್ತಾರೆ, ಅದನ್ನ ಬರ್ಕೊಡುವವರು ಬೇಕು. ನಿಮಗೆ ಇತಿಹಾಸ ಗೊತ್ತಾ?"

"ಎಂತದೂ ಗೊತ್ತಿಲ್ಲ ಮೇಡಂ."

"ಹಾಗಾದ್ರೆ ನೀವೇ ಸರಿ."

ಜನ್ಮದಲ್ಲಿ ಮೊದಲ ಸಲ ನನ್ನ ದಡ್ಡತನಕ್ಕೆ ಬೆಲೆ ಬಂತು. ಆದರೆ ಅಕ್ಷರದ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ದೇವಿಮನೆ ಘಾಟಿಯ ತಿರುವಿನಲ್ಲಿ ಜನರ ನಡುವೆ ಸಿಕ್ಕಿಕೊಂಡು ನಿಂತೇ ಟಿಕೆಟ್ ಲೆಕ್ಕದ ವೇಬಿಲ್ ಬರೆದ ಕೈ ಇದು. ಒಂದು ಅಕ್ಷರ ಸೊಟ್ಟಗಾಗಿದ್ದರೆ ಕೇಳಿ.

ನನಗೆ ಸಿಕ್ಕವಳು ಬಾಡ ಊರಿನ ಸುಶ್ಮಿತಾ. ಬಿ.ಎ. ಕೊನೆಯ ವರ್ಷ. ತಾಯಿ ಈರಮ್ಮ ಕುಮಟಾ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಹುಡುಗಿ ಮೊದಲ ದಿನವೇ ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

"ಕಂಡಕ್ಟರಜ್ಜ, ಹೋದ ವರ್ಷ ನಾ ಪಾಸಾದಾಗ ಊರವ್ರು ಎಂತ ಹೇಳಿದ್ರು ಗೊತ್ತಾ? ಪಾಸಾದದ್ದು ಇವಳಲ್ಲ, ಬರ್ದುಕೊಟ್ಟ ಹುಡುಗಿ ಅಂತ. ಈ ಸಲ ಪರೀಕ್ಷೆ ನಂದೇ ಆಗ್ಬೇಕು. ನೀವು ಒಂದು ಶಬ್ದನೂ ಸೇರ್ಸೂಕಾಗ."

"ನಾನ್ಯಾಕೆ ಸೇರ್ಸಲಿ? ಟಿಕೆಟ್ ತೆಗ್ದವ್ರನ್ನ ಅವ್ರ ಸ್ಟಾಪಲ್ಲೇ ಇಳ್ಸಿ ಅಭ್ಯಾಸ ನಂಗೆ," ಎಂದೆ. ಅಜ್ಜ ಅಂದಳಲ್ಲ ಅಂತ ಒಳಗೊಳಗೇ ಸಿಟ್ಟು ಬಂದಿತ್ತು.

ಅಭ್ಯಾಸಕ್ಕೆ ಕೂತಾಗ ಅವಳ ಕ್ರಮ ತಿಳಿಯಿತು. ಅವಳು ನನ್ನ ಪೆನ್ನಿನ ಸದ್ದಿಗೆ ಕಿವಿಗೊಡುತ್ತಿದ್ದಳು. ಪೆನ್ನು ಕಾಗದದ ಮೇಲೆ ಓಡುವಷ್ಟು ಹೊತ್ತು ಸುಮ್ಮನಿದ್ದು, ವಾಕ್ಯ ಮುಗಿಯಿತು ಅನ್ನುವಾಗ ಮುಂದಿನದನ್ನು ಹೇಳುವಳು. ನಾಲ್ಕಾರು ದಿನಗಳಲ್ಲಿ ನಾವಿಬ್ಬರೂ ಎಷ್ಟು ಹೊಂದಿಕೊಂಡೆವೆಂದರೆ "ಬರೆದಾಯ್ತಾ" ಅಂತ ಕೇಳುವ ಕೆಲಸವೇ ಉಳಿಯಲಿಲ್ಲ.

ಇತಿಹಾಸದ ಪರೀಕ್ಷೆಯ ದಿನ ನಮಗೆ ಬೇರೆ ಕೋಣೆ ಕೊಟ್ಟರು. ಮೇಲ್ವಿಚಾರಕರು ಬಾಗಿಲ ಹತ್ತಿರ ಕೂತರು. ನಾನು ಪ್ರಶ್ನೆ ಓದಿದೆ, ಸುಶ್ಮಿತಾ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಹೇಳುತ್ತ ಹೋದಳು. ಕೊನೆಯ ದೊಡ್ಡ ಪ್ರಶ್ನೆ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ್ದು.

ನನ್ನ ಅಜ್ಜ ಅಂಕೋಲೆಯವರು. ಆ ಸತ್ಯಾಗ್ರಹದಲ್ಲಿ ಲಾಠಿ ಪೆಟ್ಟು ತಿಂದು, ಸಾಯುವವರೆಗೂ ಕಾಲೆಳೆದುಕೊಂಡು ನಡೆದವರು. ಇತಿಹಾಸದಲ್ಲಿ ನನಗೆ ಗೊತ್ತಿದ್ದದ್ದು ಅದೊಂದೇ, ಹಾಳಾದ್ದು ಅದೇ ಬರಬೇಕೇ.

"ಸಾವಿರದ ಒಂಬೈನೂರ ನಲವತ್ತೆರಡರಲ್ಲಿ, ಭಾರತ ಬಿಟ್ಟು ತೊಲಗಿ ಚಳವಳಿಯ ಭಾಗವಾಗಿ..." ಎಂದು ಅವಳು ಶುರು ಮಾಡಿದಳು.

ಮೂವತ್ತು ಕಣೇ, ಮೂವತ್ತು! ಬಾಯಿ ಬಿಡಲಿಲ್ಲ ನಾನು. ಆದರೆ ಪೆನ್ನು ನಿಂತುಬಿಟ್ಟಿತು.

ಸುಶ್ಮಿತಾ ತಲೆ ಎತ್ತಿದಳು. ನಿಂತದ್ದು ಅವಳಿಗೆ ಕೇಳಿಸಿತ್ತು. ಎಲ್ಲ ಉತ್ತರಗಳಲ್ಲಿ ಎಲ್ಲೂ ನಿಲ್ಲದ ಪೆನ್ನು ಇಲ್ಲಿ ನಿಂತಿದೆ ಎಂದರೆ ಏನರ್ಥ ಅಂತ ಅವಳಿಗೆ ತಿಳಿಯದೆ ಇರುತ್ತದೆಯೇ? ಬಾಯಿ ಮುಚ್ಚಿಕೊಂಡೇ ನಾನು ಉತ್ತರ ಹೇಳಿಕೊಟ್ಟಿದ್ದೆ. ನನ್ನ ಕೈಯನ್ನು ನಾನೇ ಬೈದುಕೊಂಡೆ.

ಅವಳ ತುಟಿ ಅಲುಗಿತು. ಆಮೇಲೆ ಮೆಲ್ಲಗೆ, ಆದರೆ ಗಟ್ಟಿ ಮನಸ್ಸಿನಲ್ಲಿ ಹೇಳಿದಳು:

"ನಾ ಹೇಳಿದ್ದೇ ಬರೀರಿ. ನಲವತ್ತೆರಡು."

ಬರೆದೆ. ತಪ್ಪು ಇಸವಿ, ಅದಕ್ಕೆ ಹೊಂದಿಕೊಂಡ ತಪ್ಪು ಕಾರಣ, ಎಲ್ಲವನ್ನೂ ನನ್ನ ದುಂಡು ಅಕ್ಷರದಲ್ಲಿ ಬರೆದೆ. ಅಜ್ಜ ಎಲ್ಲಿದ್ದರೂ ನನಗೆ ಶಾಪ ಹಾಕಿರಬೇಕು.

ಹೊರಗೆ ಬಂದ ಕೂಡಲೆ ರೇಗಿದೆ. "ತಪ್ಪು ಅಂತ ನಿಂಗೆ ಗೊತ್ತಾಗಿತ್ತಲ್ಲ?"

"ಗೊತ್ತಾತು. ನೀವು ನಿಂತ ಕೂಡ್ಲೆ ಮೂವತ್ತು ಅಂತ ನೆನಪೂ ಆತು."

"ಮತ್ತೆ ತಿದ್ದೂಕೆ ಎಂತ ಧಾಡಿ ಮಾರಾಯ್ತಿ?"

"ನೆನಪು ಮಾಡ್ಸಿದ್ದು ನಿಮ್ಮ ಪೆನ್ನು, ಅಜ್ಜಾ. ಅದನ್ನ ಬರ್ಸಿದ್ರೆ ಊರವ್ರು ಹೇಳಿದ್ದೇ ಖರೆ ಆಗ್ತಿತ್ತು."

ನನ್ನ ಇಡೀ ಸರ್ವಿಸಿನಲ್ಲಿ, ಚೆಕಿಂಗ್‌ನವರು ಇಲ್ಲದಾಗಲೂ ತಾವಾಗಿ ನನ್ನನ್ನು ಕರೆದು ಟಿಕೆಟ್ ತೆಗೆದುಕೊಂಡವರನ್ನು ನಾನು ಕಂಡದ್ದು ಕಡಿಮೆ. ಈ ಹುಡುಗಿ ಆ ಜಾತಿಯವಳು. ಅವಳ ಪಕ್ಕದಲ್ಲಿ ಕೂತು ಬರೆದವನು ನಾನು ಅನ್ನುವುದು ನನಗೆ ದೊಡ್ಡ ಹೆಮ್ಮೆ.

ರಿಸಲ್ಟ್ ಬಂತು. ಸುಶ್ಮಿತಾ ಪಾಸಾಗಿದ್ದಳು. ಫಸ್ಟ್ ಕ್ಲಾಸ್ ಮಾತ್ರ ಕೂದಲೆಳೆಯಲ್ಲಿ ತಪ್ಪಿತ್ತು. ಆ ಒಂದು ಉತ್ತರ ಸರಿಯಿದ್ದರೆ ಬರುತ್ತಿತ್ತು ಅಂತ ನನಗೂ ಗೊತ್ತು, ಅವಳಿಗೂ ಗೊತ್ತು.

ಈರಮ್ಮನಿಗೆ ಇದನ್ನು ನಾನೇ ಹೇಳಬೇಕು ಅಂತ ಮಾರ್ಕೆಟ್ಟಿಗೆ ಹೋದೆ. ಕಾಲು ಹಿಂದೆ ಜಗ್ಗುತ್ತಿತ್ತು. ಬುಟ್ಟಿಯ ಮುಂದೆ ಕೂತಿದ್ದವಳಿಗೆ ಅಂಕೋಲೆಯ ಕತೆ, ಪೆನ್ನು ನಿಂತದ್ದು, ಮಗಳು ಹೇಳಿದ್ದು, ಒಂದೂ ಬಿಡದೆ ಹೇಳಿದೆ. ಅವಳು ಬಂಗಡೆ ಕೊಯ್ಯುತ್ತಲೇ ಕೇಳಿದಳು. ಪಕ್ಕದಲ್ಲಿ ಮೀನು ಕೊಳ್ಳಲು ನಿಂತಿದ್ದ ಐಸ್ ಡಿಪೋದ ದೇವರಾಜ ನಡುವೆ ಬಾಯಿ ಹಾಕಿದ.

"ಎಂತ ಸೋಮಯ್ಯಣ್ಣ, ಪೆನ್ನು ನಿಮ್ಮ ಕೈಯಲ್ಲೇ ಇತ್ತಲ್ಲ. ಸರಿ ಮಾಡಿ ಬರ್ದಿದ್ರೆ ಯಾರಿಗೆ ತಿಳೀತಿತ್ತು? ಪಾಪದ ಹುಡುಗಿ."

ಈರಮ್ಮ ಕತ್ತಿ ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಇಡೀ ಮಾರ್ಕೆಟ್ಟಿಗೆ ಕೇಳುವಷ್ಟು ದೊಡ್ಡದಿತ್ತು.

"ಪಾಪ ಗೀಪ ನಿನ್ನ ಮನೇಲಿಟ್ಕೊ ದೇವರಾಜ. ನನ್ನ ಮಗಳು ತಪ್ಪು ಹೇಳಿದ್ದನ್ನ ಇವ್ರು ತಪ್ಪೇ ಬರ್ದಾರೆ. ಹಂಗಾಗಿ ಅದ್ರಲ್ಲಿ ಸರಿ ಇದ್ದದ್ದೆಲ್ಲಾ ನನ್ನ ಮಗಳದ್ದೇ."